ಯು 87 ಕೈಗೆಟುಕದಿದ್ದರೆ ಯಾವ ಮೈಕ್ ಕೊಳ್ಳಬೇಕು?

ಪಾಡ್‌ಕಾಸ್ಟ್, ಆಡಿಯೋಬುಕ್, ಮನೆಯಲ್ಲೇ ಹಾಡಿ ಅಪ್‌ಲೋಡ್ ಮಾಡುವ ಕವರ್ ಹಾಡುಗಳು ಬಂದ ಮೇಲೆ ಒಳ್ಳೆಯ ಮೈಕ್ ಎಂಬುದು ಸ್ಟುಡಿಯೋದವರ ಸಾಮಾನಾಗಿ ಉಳಿದಿಲ್ಲ. ದನಿ ಚೆನ್ನಾಗಿ ಬರಬೇಕು ಎಂದು ಹುಡುಕಲು ಹೊರಟವರು ಬಹುಬೇಗ ಒಂದು ಹೆಸರಿಗೆ ಬಂದು ನಿಲ್ಲುತ್ತಾರೆ: ನಾಯ್‌ಮನ್ ಯು 87. ಬೆಲೆ ಕಂಡು ಅಷ್ಟೇ ಬೇಗ ಹಿಂದೆ ಸರಿಯುತ್ತಾರೆ. ಆಮೇಲೆ ಶುರುವಾಗುವುದು ‘ಅದೇ ದನಿ, ಹತ್ತರಲ್ಲೊಂದು ಪಾಲು ಬೆಲೆ’ ಎನ್ನುವ ಜಾಹೀರಾತುಗಳ ಸಾಲು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಉತ್ಪ್ರೇಕ್ಷೆಯಿದೆ. ಯಾವುದು ಎಷ್ಟು ಎಂದು ಗೊತ್ತಾಗಬೇಕಾದರೆ ಆ ಮೈಕಿನ ಒಳಗೇನಿದೆ ಎಂದು ಒಮ್ಮೆ ನೋಡಿಬಿಡಬೇಕು.

ಹೆಸರು ಬಂದದ್ದು ಹೇಗೆ

ಜಾರ್ಜ್ ನಾಯ್‌ಮನ್ 1928ರಲ್ಲಿ ಬರ್ಲಿನ್‌ನಲ್ಲಿ ಕಂಪನಿ ಕಟ್ಟಿದರು. ಅದರ ಮೊದಲ ಮೈಕ್ ಸಿಎಂವಿ 3, ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಕಂಡೆನ್ಸರ್ ಮೈಕ್. ಆಕಾರ ನೋಡಿ ಜನ ಅದನ್ನು ‘ಬಾಟಲಿ’ ಎಂದೇ ಕರೆದರು. 1949ರಲ್ಲಿ ಯು 47, 1960ರಲ್ಲಿ ಯು 67 ಬಂದವು. ಎರಡರ ಒಳಗೂ ವಾಲ್ವ್ ಇತ್ತು, ಅಂದರೆ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ಕೊಳವೆ. 1967ರಲ್ಲಿ ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು. ಆ ಮೈಕೇ ಯು 87. 1986ರಲ್ಲಿ ಅದರ ಎಲೆಕ್ಟ್ರಾನಿಕ್ಸ್ ಬದಲಾಗಿ ಯು 87 ಎಐ ಆಯಿತು. 1991ರಲ್ಲಿ ಕಂಪನಿ ಸೆನ್‌ಹೈಸರ್ ಕೈಗೆ ಹೋದರೂ ಮೈಕ್ ನಿಲ್ಲಲಿಲ್ಲ, ಇಂದಿಗೂ ಅದೇ ಮಾದರಿ ತಯಾರಾಗುತ್ತಿದೆ.

ಅದು ಜಗತ್ತಿನ ಅತ್ಯಂತ ನಿಖರವಾದ ಮೈಕ್ ಏನಲ್ಲ. ಅಳತೆಗೆಂದೇ ಮಾಡಿದ ಮೈಕ್‌ಗಳು ಇದಕ್ಕಿಂತ ನಿಖರ. ಇದರ ಬಲ ಇರುವುದು ಪರಿಚಯದಲ್ಲಿ. ದಶಕಗಳಿಂದ ಹಾಡು, ಡಬ್ಬಿಂಗ್, ಜಾಹೀರಾತು, ರೇಡಿಯೋ ನಾಟಕ ಎಲ್ಲಕ್ಕೂ ಇದನ್ನೇ ಬಳಸಿದ್ದರಿಂದ ‘ರೆಕಾರ್ಡ್ ಆದ ದನಿ ಹೀಗಿರಬೇಕು’ ಎಂಬ ನಮ್ಮ ಕಿವಿಯ ನಿರೀಕ್ಷೆಯೇ ಈ ಮೈಕಿಗೆ ಹೊಂದಿಕೊಂಡಿದೆ. ಮಧ್ಯದ ಸ್ವರಗಳು ತುಸು ಮುಂದೆ ಬಂದು ನಿಲ್ಲುತ್ತವೆ, ಮೇಲಿನ ಸ್ವರಗಳು ಚುಚ್ಚುವುದಿಲ್ಲ. ವಾದ್ಯಗಳ ನಡುವೆ ಗಾಯಕರ ದನಿ ಮುಳುಗದೆ ಕೇಳಿಸುತ್ತದೆ.

ಒಳಗೆ ನಡೆಯುವುದು

ಕಂಡೆನ್ಸರ್ ಮೈಕಿನ ಹೃದಯಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಯು 87ರಂಥ ದೊಡ್ಡ ಮೈಕಿನಲ್ಲಿ ಇದು ಸುಮಾರು 34 ಮಿಲಿಮೀಟರ್ ಅಗಲದ ಬಿಲ್ಲೆ. ಅದರ ಮೇಲೆ ಬಿಗಿದಿರುವ ತೆಳುವಾದ ಪ್ಲಾಸ್ಟಿಕ್ ಪೊರೆಯೇ ಡಯಾಫ್ರಾಮ್. ಸಾಮಾನ್ಯವಾಗಿ ಅದರ ದಪ್ಪ 6 ಮೈಕ್ರಾನ್, ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲಿನ ಹತ್ತಿರ. ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅದರ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಪೊರೆಯ ಹಿಂದೆ, ಕೂದಲೆಳೆಯಷ್ಟು ಅಂತರದಲ್ಲಿ, ಡಜನ್‌ಗಟ್ಟಲೆ ರಂಧ್ರಗಳಿರುವ ಲೋಹದ ತಟ್ಟೆ ಇರುತ್ತದೆ.

ಪೊರೆ ಮತ್ತು ತಟ್ಟೆಯ ನಡುವೆ ವಿದ್ಯುತ್ ಒತ್ತಡ ಕೊಟ್ಟು ಇಟ್ಟಿರುತ್ತಾರೆ. ನಾವು ಮಾತಾಡಿದಾಗ ಗಾಳಿ ತಳ್ಳಿ ಪೊರೆ ನಡುಗುತ್ತದೆ. ನಡುಗಿದಂತೆಲ್ಲ ಎರಡರ ಅಂತರ ಹೆಚ್ಚುಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಏರಿಳಿಯುತ್ತದೆ. ಆ ಏರಿಳಿತವೇ ನಮ್ಮ ದನಿಯ ವಿದ್ಯುತ್ ರೂಪ. ಆದರೆ ಅದು ಎಷ್ಟು ದುರ್ಬಲವೆಂದರೆ ಒಂದು ಸಣ್ಣ ವೈರಿನ ಉದ್ದವನ್ನೂ ದಾಟಲಾರದು. ಹಾಗಾಗಿ ಕ್ಯಾಪ್ಸೂಲಿನ ಬುಡದಲ್ಲೇ, ಮೈಕಿನ ಹೊಟ್ಟೆಯೊಳಗೆ, ಒಂದು ಪುಟ್ಟ ಆಂಪ್ಲಿಫೈಯರ್ ಸರ್ಕ್ಯೂಟ್ ಇರಲೇಬೇಕು.

ಈ ಸರ್ಕ್ಯೂಟಿಗೆ ಬೇಕಾದ ಕರೆಂಟು ಮೈಕಿನ ಕೇಬಲ್ಲಿನಲ್ಲೇ ಬರುತ್ತದೆ. ಅದರ ಹೆಸರು ಫ್ಯಾಂಟಮ್ ಪವರ್. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಮೇಲೆ 48ವಿ ಎಂದು ಬರೆದ ಗುಂಡಿ ನೋಡಿರುತ್ತೀರಿ. ಸರಿಯಾಗಿ 48 ವೋಲ್ಟೇ ಏಕೆ? 1966ರಲ್ಲಿ ನಾರ್ವೆಯ ಸರ್ಕಾರಿ ಪ್ರಸಾರ ಸಂಸ್ಥೆಗಾಗಿ ನಾಯ್‌ಮನ್ ಹೊಸ ಮೈಕ್ ತಯಾರಿಸಿದಾಗ, ಅವರ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಸರಬರಾಜು ಆಗಲೇ ಇತ್ತು. ಅದನ್ನೇ ಬಳಸಿಕೊಂಡರು. ಅದೇ ಮುಂದೆ ಜಗತ್ತಿಗೆಲ್ಲ ಮಾನದಂಡವಾಯಿತು.

ನಕಲು ಎಡವುವ ಜಾಗ

ಅಗ್ಗದ ಮೈಕ್‌ಗಳ ಬಗ್ಗೆ ಕೇಳಿಬರುವ ದೂರು ಒಂದೇ: ‘ಸ, ಶ, ಷ ಕಿವಿಗೆ ಚುಚ್ಚುತ್ತದೆ.’ ಇದಕ್ಕೆ ಕಾರಣ ಕಳಪೆ ಸಾಮಾನು ಎಂದು ಅನೇಕರು ಭಾವಿಸುತ್ತಾರೆ. ಎಷ್ಟೋ ಸಲ ಸಾಮಾನು ಕಳಪೆಯಾಗಿರುವುದಿಲ್ಲ, ಜೋಡಣೆ ತಪ್ಪಿರುತ್ತದೆ.

ಯು 67ಕ್ಕೆಂದು ನಾಯ್‌ಮನ್ ರೂಪಿಸಿದ ಕ್ಯಾಪ್ಸೂಲಿನ ಹೆಸರು ಕೆ 67. ಯು 87 ಬಳಸುವುದೂ ಅದೇ ವಂಶದ ಕ್ಯಾಪ್ಸೂಲನ್ನು. ಈ ಕ್ಯಾಪ್ಸೂಲನ್ನು ಮಾತ್ರ ಪ್ರತ್ಯೇಕವಾಗಿ ಅಳೆದರೆ ಮೇಲಿನ ಸ್ವರಗಳಲ್ಲಿ, ಅದರಲ್ಲೂ 10 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ದೊಡ್ಡ ಉಬ್ಬು ಕಾಣುತ್ತದೆ. ವಿನ್ಯಾಸಕಾರರಿಗೆ ಅದು ಗೊತ್ತಿತ್ತು. ಅದಕ್ಕೇ ಹಿಂದಿನ ಸರ್ಕ್ಯೂಟಿನಲ್ಲಿ ಮೇಲಿನ ಸ್ವರಗಳನ್ನು ಅಷ್ಟೇ ಪ್ರಮಾಣದಲ್ಲಿ ತಗ್ಗಿಸುವ ಏರ್ಪಾಡು ಮಾಡಿಟ್ಟರು. ಕ್ಯಾಪ್ಸೂಲ್ ಎತ್ತಿದ್ದನ್ನು ಸರ್ಕ್ಯೂಟ್ ಇಳಿಸುತ್ತದೆ. ಎರಡೂ ಸೇರಿದಾಗ ನಮಗೆ ಕೇಳಿಸುವುದು ಹದವಾದ ದನಿ.

ಮುಂದೆ ಕೆ 67 ಮಾದರಿಯ ಕ್ಯಾಪ್ಸೂಲುಗಳು ಚೀನಾದ ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾಗತೊಡಗಿದವು. ಅವುಗಳನ್ನು ಕೊಂಡ ಹಲವು ಬ್ರ್ಯಾಂಡ್‌ಗಳು ಹಿಂದೆ ಜೋಡಿಸಿದ್ದು ಮಾತ್ರ ಬೇರೆಯೇ ಸರ್ಕ್ಯೂಟನ್ನು. ಜರ್ಮನಿಯ ಶೋಪ್ಸ್ ಕಂಪನಿ ತನ್ನ ಸಣ್ಣ ಕ್ಯಾಪ್ಸೂಲುಗಳಿಗಾಗಿ ರೂಪಿಸಿದ್ದ ವಿನ್ಯಾಸ ಅದು. ಸರಳ, ಅಗ್ಗ, ದನಿಯನ್ನು ಕೇಬಲ್ಲಿಗೆ ದಾಟಿಸುವ ತಂತಿ ಸುರುಳಿಯಾದ ಟ್ರಾನ್ಸ್‌ಫಾರ್ಮರ್ ಬೇಡ, ಸದ್ದೂ ಕಡಿಮೆ. ಆದರೆ ಶೋಪ್ಸ್ ಕ್ಯಾಪ್ಸೂಲುಗಳಲ್ಲಿ ಆ ಉಬ್ಬು ಇರಲೇ ಇಲ್ಲವಾದ್ದರಿಂದ ಸರ್ಕ್ಯೂಟಿನಲ್ಲಿ ಇಳಿಸುವ ಏರ್ಪಾಡೂ ಇಲ್ಲ. ಒಗೆದರೆ ಕುಗ್ಗುವ ಬಟ್ಟೆಗೆಂದು ದರ್ಜಿ ಎರಡಂಗುಲ ಹೆಚ್ಚು ಬಿಟ್ಟು ಕತ್ತರಿಸಿದ ಅಳತೆಯನ್ನೇ ಕುಗ್ಗದ ಬಟ್ಟೆಗೂ ಹಾಕಿದರೆ ಅಂಗಿ ಜೋಲುತ್ತದಲ್ಲ, ಇಲ್ಲಿ ಆದದ್ದೂ ಅದೇ. ಅಳತೆ ಸರಿಯಾಗಿಯೇ ಇತ್ತು, ಬಟ್ಟೆಯೂ ಚೆನ್ನಾಗಿಯೇ ಇತ್ತು. ಒಂದಕ್ಕೊಂದು ಕೂಡಲಿಲ್ಲ.

ಈ ಒಂದು ಸಂಗತಿ ತಿಳಿದಿದ್ದರೆ ಮೈಕ್ ಕೊಳ್ಳುವವರ ಪ್ರಶ್ನೆಯೇ ಬದಲಾಗುತ್ತದೆ. ‘ಇದರಲ್ಲಿ ಯು 87ರ ಕ್ಯಾಪ್ಸೂಲ್ ಇದೆಯೇ?’ ಎಂದು ಕೇಳಿ ಪ್ರಯೋಜನವಿಲ್ಲ, ಅಂಥದ್ದು ತೀರ ಅಗ್ಗದ ಮೈಕಿನಲ್ಲೂ ಇರಬಹುದು. ಕೇಳಬೇಕಾದದ್ದು, ಆ ಕ್ಯಾಪ್ಸೂಲಿಗೆ ಹೊಂದುವ ಸರ್ಕ್ಯೂಟ್ ಇದೆಯೇ ಎಂದು. ಬೆಸುಗೆ ಹಾಕಲು ಬರುವ ಹವ್ಯಾಸಿಗಳು ಇಂಥ ಚುಚ್ಚುವ ಮೈಕನ್ನು ಅಗ್ಗಕ್ಕೆ ಕೊಂಡು, ಕ್ಯಾಪ್ಸೂಲನ್ನೋ ಸರ್ಕ್ಯೂಟನ್ನೋ ಬದಲಿಸಿ ಸರಿಮಾಡಿಕೊಳ್ಳುವುದೂ ಇದೇ ಕಾರಣಕ್ಕೆ. ಅದಕ್ಕೆ ಬೇಕಾದ ಸಿದ್ಧ ಕಿಟ್‌ಗಳೂ ಸಿಗುತ್ತವೆ.

ಬೆಲೆ ಇಳಿದದ್ದು ಎಲ್ಲಿಂದ

1960ರ ದಶಕದ ವಿನ್ಯಾಸಗಳ ಪೇಟೆಂಟ್ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಯಾರು ಬೇಕಾದರೂ ಅದೇ ಸರ್ಕ್ಯೂಟ್ ಕಟ್ಟಬಹುದು, ನಾಯ್‌ಮನ್ ಹೆಸರನ್ನು ಮಾತ್ರ ಹಚ್ಚುವಂತಿಲ್ಲ. ತಟ್ಟೆಗೆ ರಂಧ್ರ ಕೊರೆಯುವ ನಾಜೂಕು ಕೆಲಸವನ್ನು ಈಗ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಮಾಡುತ್ತವೆ. ಒಂದೇ ಕಾರ್ಖಾನೆ ಹತ್ತಾರು ಬ್ರ್ಯಾಂಡ್‌ಗಳಿಗೆ ಮೈಕ್ ಮಾಡಿಕೊಡುವುದರಿಂದ ಖರ್ಚು ಹಂಚಿಹೋಗುತ್ತದೆ. ಬಣ್ಣ ಮತ್ತು ಹೆಸರು ಬೇರೆ, ಒಡಲು ಒಂದೇ ಆಗಿರುವ ಮೈಕ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಇಳಿಯದೆ ಉಳಿದದ್ದು ಮನುಷ್ಯರ ಸಮಯ. ಪೊರೆಯನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವುದು, ಧೂಳಿಲ್ಲದ ಕೋಣೆಯಲ್ಲಿ ಜೋಡಿಸುವುದು, ಕ್ಯಾಪ್ಸೂಲಿನ ಎರಡು ಮುಖಗಳನ್ನು ಒಂದಕ್ಕೊಂದು ಹೊಂದಿಸುವುದು, ಪ್ರತಿಯೊಂದು ಮೈಕನ್ನೂ ಅಳೆದು ನೋಡಿ ಸರಿಯಿಲ್ಲದ್ದನ್ನು ಎಸೆಯುವುದು. ದುಬಾರಿ ಮೈಕ್ ಕೊಂಡಾಗ ನಾವು ಕೊಡುವ ಹಣದ ಒಂದು ಪಾಲು ಈ ಎಸೆದದ್ದರ ಲೆಕ್ಕಕ್ಕೂ, ಇಪ್ಪತ್ತು ವರ್ಷದ ನಂತರವೂ ಬಿಡಿಭಾಗ ಸಿಗುತ್ತದೆ ಎಂಬ ಭರವಸೆಗೂ ಹೋಗುತ್ತದೆ. ಅಗ್ಗದ ಮೈಕಿನಲ್ಲಿ ಒಂದೇ ಮಾದರಿಯ ಎರಡು ಪ್ರತಿಗಳು ಬೇರೆ ಬೇರೆಯಾಗಿ ಕೇಳಿಸಬಹುದು. ಹಾಗಾಗಿ ಕೊಂಡದ್ದನ್ನು ಹಿಂತಿರುಗಿಸುವ ಅವಕಾಶ ಇರುವ ಕಡೆಯೇ ಕೊಳ್ಳುವುದು ಜಾಣತನ.

ಮುಂದಿರುವ ದಾರಿಗಳು

ಮೊದಲನೆಯದು ಅದೇ ಮನೆಯ ತಮ್ಮಂದಿರು. ನಾಯ್‌ಮನ್ 1997ರಲ್ಲಿ ತಂದ ಟಿಎಲ್‌ಎಂ 103ರ ಕ್ಯಾಪ್ಸೂಲ್ ಯು 87ರದ್ದರಿಂದಲೇ ಹುಟ್ಟಿದ್ದು. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲ, ಮುಂಭಾಗದ ದನಿಯನ್ನಷ್ಟೇ ಹಿಡಿಯುವ ಕಾರ್ಡಿಯಾಯ್ಡ್ ಒಂದೇ ಬಗೆ. 5 ಕಿಲೋಹರ್ಟ್ಜ್‌ಗಿಂತ ಮೇಲೆ ಅಗಲವಾದ ಏರು ಇರುವುದರಿಂದ ಯು 87ಗಿಂತ ಹೊಳಪು ಹೆಚ್ಚು. ಮಂದ ದನಿಯವರಿಗೆ ಇದು ಒಗ್ಗುತ್ತದೆ. ಮೊದಲೇ ದನಿ ತೀಕ್ಷ್ಣವಾಗಿದ್ದವರಿಗೆ ಹೆಚ್ಚಾಗಬಹುದು. ಇನ್ನೂ ಚಿಕ್ಕದು ಟಿಎಲ್‌ಎಂ 102. ನಾಯ್‌ಮನ್‌ಗಳಲ್ಲಿ ಇವು ಅಗ್ಗ ಅಷ್ಟೇ, ಸಾಮಾನ್ಯರ ಲೆಕ್ಕದಲ್ಲಿ ಅಗ್ಗವೇನಲ್ಲ.

ಎರಡನೆಯದು ನೇರ ನಕಲು, ಆ ವಲಯದಲ್ಲಿ ಕ್ಲೋನ್ ಎನ್ನುತ್ತಾರೆ. ಅಮೆರಿಕದ ವಾರ್ಮ್ ಆಡಿಯೋ ಕಂಪನಿಯ ಡಬ್ಲ್ಯೂಎ 87 ಇವುಗಳಲ್ಲಿ ಹೆಚ್ಚು ಹೆಸರಾದದ್ದು. ವಿನ್ಯಾಸ ಅಲ್ಲಿಯದು, ತಯಾರಿಕೆ ಚೀನಾದ್ದು. ಹಳೆಯ ಯು 87ರ ಸರ್ಕ್ಯೂಟನ್ನೇ ಹಿಂಬಾಲಿಸಿ, ಟ್ರಾನ್ಸ್‌ಫಾರ್ಮರನ್ನೂ ಇಟ್ಟು, ದನಿ ಹಿಡಿಯುವ ಮೂರು ಬಗೆಗಳನ್ನೂ (ಮುಂಭಾಗದ್ದು ಮಾತ್ರ, ಸುತ್ತಲಿನದೆಲ್ಲ, ಹಿಂದೆ ಮುಂದೆ ಎರಡೂ) ಉಳಿಸಿಕೊಂಡಿದ್ದಾರೆ. ಪೆಲುಸೋ, ಸ್ಟ್ಯಾಮ್ ಆಡಿಯೋ, ಕೆನಡಾದ ಅಡ್ವಾನ್ಸ್ಡ್ ಆಡಿಯೋ ಕೂಡ ಇದೇ ಹಾದಿಯವರು. ಆ ಪರಿಚಿತ ದನಿಯೇ ಬೇಕು, ಸ್ವರಗಳನ್ನು ಏರಿಸಿ ಇಳಿಸುವ ಇಕ್ಯೂ ತಿರುಗಿಸುತ್ತ ಕೂರಲು ಮನಸ್ಸಿಲ್ಲ ಎನ್ನುವವರು ನೋಡಬೇಕಾದ ಗುಂಪು ಇದು. ಮೂಲದ ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪೂರ್ತಿ ಹಾಡಿನೊಳಗೆ ಗುರುತಿಸುವುದು ಕಷ್ಟ.

ಮೂರನೆಯ ಗುಂಪು ಯಾರನ್ನೂ ಅನುಕರಿಸಲು ಹೋಗದ್ದು. ಮನೆಯಲ್ಲಿ ರೆಕಾರ್ಡ್ ಮಾಡುವ ಹೆಚ್ಚಿನವರ ಹಣಕ್ಕೆ ಒಳ್ಳೆಯ ಬೆಲೆ ಸಿಗುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಆಸ್ಟ್ರೇಲಿಯಾದ ರೋಡ್ ಕಂಪನಿಯ ಎನ್‌ಟಿ 1, ಜಪಾನಿನ ಆಡಿಯೋ ಟೆಕ್ನಿಕಾದ ಎಟಿ 4050, ಆಸ್ಟ್ರಿಯಾದ ಲೆವಿಟ್ ಎಲ್‌ಸಿಟಿ 440 ಪ್ಯೂರ್ ಇಲ್ಲಿಯ ಹೆಸರುಗಳು. ಎಕೆಜಿ ಎಂಬ ಮೈಕ್ ಕಂಪನಿಯ ವಿಯೆನ್ನಾ ಘಟಕ 2017ರಲ್ಲಿ ಬಾಗಿಲು ಹಾಕಿದಾಗ ಅಲ್ಲಿಯ ನುರಿತ ಕೆಲಸಗಾರರು ಸೇರಿ ಕಟ್ಟಿದ ಆಸ್ಟ್ರಿಯನ್ ಆಡಿಯೋದ ಒಸಿ 18 ಕೂಡ ಇದೇ ಸಾಲಿನದು. ಅದರ ಬೇರು ನಾಯ್‌ಮನ್‌ನಲ್ಲಿಲ್ಲ, ಎಕೆಜಿಯ ಪರಂಪರೆಯಲ್ಲಿದೆ.

ಕೊನೆಯದು ಸಾಫ್ಟ್‌ವೇರ್ ದಾರಿ. ಟೌನ್‌ಸೆಂಡ್ ಲ್ಯಾಬ್ಸ್ ಆರಂಭಿಸಿ ಈಗ ಯೂನಿವರ್ಸಲ್ ಆಡಿಯೋ ಮಾರುವ ಸ್ಫಿಯರ್ ಎಂಬ ಮೈಕ್ ತನ್ನ ಹಿಂದಿನ, ಮುಂದಿನ ಎರಡೂ ಪೊರೆಗಳ ದನಿಯನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಕೊಡುತ್ತದೆ. ರೆಕಾರ್ಡಿಂಗ್ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಕುಳಿತು ಯು 47 ಬೇಕೋ ಯು 87 ಬೇಕೋ ಆರಿಸಬಹುದು. ಹಲವು ಬಗೆಯ ಗಾಯಕರಿಗೆ ರೆಕಾರ್ಡ್ ಮಾಡಿಕೊಡುವವರಿಗೆ ಇದು ಉಪಯುಕ್ತ. ತನ್ನೊಬ್ಬರ ದನಿಯನ್ನೇ ರೆಕಾರ್ಡ್ ಮಾಡುವವರಿಗೆ ಇಷ್ಟು ಆಯ್ಕೆ ತಲೆನೋವೇ ಸರಿ.

ಡಬ್ಬಿಯ ಮೇಲಿನ ಅಂಕಿಗಳು

ಎಲ್ಲ ಅಂಕಿಗಳಲ್ಲಿ ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಮುಖ್ಯವಾದದ್ದು ಮೈಕಿನ ಸ್ವಂತ ಸದ್ದು. ಯಾರೂ ಮಾತಾಡದಿದ್ದಾಗಲೂ ಸರ್ಕ್ಯೂಟ್ ತಾನಾಗಿ ಮಾಡುವ ‘ಸುಯ್’ ಎಂಬ ಶಬ್ದ ಅದು. ಡೆಸಿಬೆಲ್-ಎ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಯು 87 ಎಐ ಕಾರ್ಡಿಯಾಯ್ಡ್‌ನಲ್ಲಿ 12. ಟಿಎಲ್‌ಎಂ 103 ಕೇವಲ 7. 2023ರಲ್ಲಿ ಬಂದ ಐದನೇ ತಲೆಮಾರಿನ ಎನ್‌ಟಿ 1 ಬರೀ 4. ಹೊಸಬರು ಹೆಚ್ಚಾಗಿ ಕೊಳ್ಳುವ ಎಟಿ 2020ರದ್ದು 20. ಅಂದರೆ ಬೆಲೆಯಲ್ಲಿ ಎಷ್ಟೋ ಪಟ್ಟು ಕೆಳಗಿರುವ ಎನ್‌ಟಿ 1 ಈ ಒಂದು ವಿಷಯದಲ್ಲಿ ದಂತಕಥೆಯನ್ನೇ ಹಿಂದಿಕ್ಕಿದೆ. ಆಡಿಯೋಬುಕ್ ಓದುವವರಿಗೆ ಇದು ಸಣ್ಣ ಮಾತಲ್ಲ, ಅವರ ಓದಿನ ನಡುವೆ ಮೌನ ಬಹಳ ಇರುತ್ತದೆ. ಜೋರಾಗಿ ಹಾಡುವವರಿಗೆ ಅಥವಾ ಡ್ರಮ್ಸ್ ಮುಂದೆ ಮೈಕ್ ಇಡುವವರಿಗೆ 4 ಆದರೂ 12 ಆದರೂ ಒಂದೇ.

ಮೈಕ್ ಯಾವ ಸ್ವರವನ್ನು ಎಷ್ಟು ಎತ್ತುತ್ತದೆ ಎಂದು ತೋರಿಸುವ ಫ್ರೀಕ್ವೆನ್ಸಿ ಗ್ರಾಫ್ ಎಂಬ ವಕ್ರರೇಖೆಯನ್ನು ಅಷ್ಟು ನಂಬಿಕೊಳ್ಳಬೇಡಿ. ಕಂಪನಿಗಳು ಅದನ್ನು ನಯಗೊಳಿಸಿ ಮುದ್ರಿಸುತ್ತವೆ. ಎದುರಿನಿಂದ ಬಂದ ದನಿಯನ್ನು ಮಾತ್ರ ಅದು ಹೇಳುತ್ತದೆ, ಬದಿಯಿಂದ ಬಂದದ್ದು ಹೇಗೆ ಕೇಳಿಸುತ್ತದೆ ಎಂದು ಹೇಳುವುದಿಲ್ಲ.

ಕೋಣೆಯೂ ರೆಕಾರ್ಡ್ ಆಗುತ್ತದೆ

ಕಂಡೆನ್ಸರ್ ಮೈಕಿನ ಸೂಕ್ಷ್ಮತೆ ಮನೆಯಲ್ಲಿ ಶತ್ರುವೂ ಆಗಬಲ್ಲದು. ಫ್ಯಾನು, ಫ್ರಿಜ್ಜು, ಬೀದಿಯ ಗಾಡಿ, ಬರಿ ಗೋಡೆಗೆ ಬಡಿದು ಬರುವ ನಿಮ್ಮದೇ ದನಿಯ ಮಾರ್ದನಿ, ಎಲ್ಲವೂ ಅದಕ್ಕೆ ಕೇಳಿಸುತ್ತದೆ. ರಾತ್ರಿ ಹೊತ್ತಿನ ಸಾಧಾರಣ ಕೋಣೆಯ ಸದ್ದೇ ಸುಮಾರು 30 ಡೆಸಿಬೆಲ್ ಇರುವಾಗ ಮೈಕಿನ 4 ಮತ್ತು 7ರ ನಡುವಿನ ವ್ಯತ್ಯಾಸ ಎಲ್ಲಿಯ ಲೆಕ್ಕ? ಬಾಯಿಯಿಂದ ಮೈಕಿಗಿರುವ ದೂರವನ್ನು ಅರ್ಧ ಮಾಡಿದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ. ಖರ್ಚಿಲ್ಲದ ಸುಧಾರಣೆ ಇದು. ಒಂದು ಗೇಣು ದೂರ, ಹಿಂದೆ ದಪ್ಪ ಹೊದಿಕೆ ಅಥವಾ ಬಟ್ಟೆ ತುಂಬಿದ ಕಪಾಟು, ಇಷ್ಟಿದ್ದರೆ ಸಾಧಾರಣ ಮೈಕೂ ಎದ್ದು ನಿಲ್ಲುತ್ತದೆ. ತೀರ ಹತ್ತಿರ ಹೋದರೆ ಮಂದ್ರ ಸ್ವರಗಳು ಉಬ್ಬಿ ದನಿ ಗುಮ್ಮೆನ್ನುತ್ತದೆ, ಅದನ್ನು ಗಮನಿಸಿ.

ಕೋಣೆಯನ್ನು ಏನೂ ಮಾಡಲಾಗದು ಎನ್ನುವಂತಿದ್ದರೆ ಕಂಡೆನ್ಸರ್ ಆಸೆಯನ್ನೇ ಬಿಟ್ಟು, ಸುರುಳಿ ಮತ್ತು ಅಯಸ್ಕಾಂತದಿಂದ ಕೆಲಸ ಮಾಡುವ, ಸೂಕ್ಷ್ಮತೆ ಕಡಿಮೆಯಿರುವ ಡೈನಮಿಕ್ ಮೈಕ್ ನೋಡಬಹುದು. ಶೂರ್ ಎಸ್‌ಎಂ 58ರಂಥವನ್ನು ಬಾಯಿಗೆ ತೀರ ಹತ್ತಿರ ಹಿಡಿದು ಬಳಸುವುದರಿಂದ ಕೋಣೆ ಹಿಂದೆ ಉಳಿಯುತ್ತದೆ.

ಹೋಲಿಸಿ ನೋಡುವ ಬಗೆ

ಎರಡು ಮೈಕ್ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಇರಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ‘ಒಳ್ಳೆಯದು’ ಎನ್ನುತ್ತದೆ. ಅಂಗಡಿಯಲ್ಲೋ ಸ್ನೇಹಿತರ ಮನೆಯಲ್ಲೋ ಪರೀಕ್ಷಿಸುವಾಗ ‘ಹಲೋ, ಮೈಕ್ ಟೆಸ್ಟಿಂಗ್’ ಎಂದರೆ ಏನೂ ತಿಳಿಯದು. ‘ಶಿಷ್ಯನ ಸಾಕ್ಷಿ ಸಂಶಯಾಸ್ಪದ’ ಎಂಬಂಥ ಸಾಲನ್ನು ಸಹಜವಾಗಿ ಓದಿ, ಹೆಡ್‌ಫೋನಿನಲ್ಲಿ ಕೇಳಿ. ‘ಸ’ ಎಂಬುದು ಉಳಿದ ಅಕ್ಷರಗಳಿಂದ ಬೇರ್ಪಟ್ಟು ಮುಂದೆ ಹಾರಿಬಂದಂತೆ ಕೇಳಿಸಿದರೆ ಮೇಲೆ ಹೇಳಿದ ಉಬ್ಬು ಆ ಮೈಕಿನಲ್ಲಿದೆ. ಅದೇ ಸಾಲನ್ನು ಮೈಕನ್ನು ತುಸು ಓರೆಯಾಗಿ ತಿರುಗಿಸಿ, ಬಾಯಿಯ ನೇರಕ್ಕೆ ಬರದಂತೆ ಇಟ್ಟು ಮತ್ತೆ ಓದಿ. ಅಷ್ಟರಲ್ಲೇ ಚುಚ್ಚುವುದು ನಿಂತರೆ ಮೈಕ್ ಬಳಸಲು ಅಡ್ಡಿಯಿಲ್ಲ. ಆಮೇಲೆ ‘ಪಾಪ, ಭೂಪ, ಫಲ’ ಎಂದು ಓದಿ. ಗಾಳಿ ‘ಧಪ್’ ಎಂದು ಬಡಿದರೆ ಗಾಬರಿ ಬೇಡ, ಅದು ಎಲ್ಲ ಕಂಡೆನ್ಸರ್‌ಗಳಲ್ಲೂ ಇರುವುದೇ, ಪಾಪ್ ಫಿಲ್ಟರ್ ಎಂಬ ಬಲೆ ಇಟ್ಟರೆ ಹೋಗುತ್ತದೆ.

ಜಾಲರಿಯೊಳಗೆ ಟಾರ್ಚ್ ಬಿಡಿ

ತೀರ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುವ ‘ಸ್ಟುಡಿಯೋ ಕಂಡೆನ್ಸರ್’ಗಳಲ್ಲಿ ಹಲವದರ ದೊಡ್ಡ ಜಾಲರಿಯೊಳಗೆ ಇರುವುದು ಬಟಾಣಿ ಗಾತ್ರಕ್ಕಿಂತ ತುಸು ದೊಡ್ಡ ಎಲೆಕ್ಟ್ರೆಟ್ ಗುಂಡಿ. ಎಲೆಕ್ಟ್ರೆಟ್ ಎಂದರೆ ವಿದ್ಯುದಂಶವನ್ನು ತಯಾರಿಕೆಯಲ್ಲೇ ಶಾಶ್ವತವಾಗಿ ಸೇರಿಸಿಬಿಟ್ಟ ಬಗೆ. ಅದೇ ತಪ್ಪಲ್ಲ, ಎಟಿ 2020 ಕೂಡ ಎಲೆಕ್ಟ್ರೆಟ್ಟೇ. ತಪ್ಪಿರುವುದು ದೊಡ್ಡ ಒಡಲು ತೋರಿಸಿ ಸಣ್ಣ ಗುಂಡಿ ಮಾರುವುದರಲ್ಲಿ. ಫೋನಿನ ಟಾರ್ಚ್ ಹಚ್ಚಿ ಜಾಲರಿಯ ಬದಿಯಿಂದ ಇಣುಕಿ ನೋಡಿ. ಯು 87 ಮಾದರಿಯ ಕ್ಯಾಪ್ಸೂಲಾದರೆ ಚಿನ್ನದ ಬಣ್ಣದ ಅಗಲ ಬಿಲ್ಲೆ, ಅಂಚಿನ ಸುತ್ತ ಪುಟ್ಟ ಸ್ಕ್ರೂಗಳು, ನಟ್ಟನಡುವೆ ಒಂದು ಸ್ಕ್ರೂ, ಅಲ್ಲಿಂದ ಹೊರಡುವ ತೆಳು ತಂತಿ ಕಾಣಬೇಕು.

ಹಳೆಯ ಯು 87 ಅಗ್ಗಕ್ಕೆ ಸಿಕ್ಕಿತೆಂದರೆ ಇನ್ನೂ ಹುಷಾರಾಗಿರಬೇಕು. ನಾಯ್‌ಮನ್ ಲಾಂಛನ ಹಚ್ಚಿದ ಖೋಟಾ ಮೈಕ್‌ಗಳು ಓಡಾಡುತ್ತಿವೆ. ಬಿಲ್ಲು, ಸೀರಿಯಲ್ ನಂಬರ್ ಎರಡನ್ನೂ ಪರಿಶೀಲಿಸಿ, ಸಾಧ್ಯವಾದರೆ ರಿಪೇರಿ ಬಲ್ಲವರಿಗೆ ತೋರಿಸಿ. ಅಸಲಿಯೇ ಆಗಿದ್ದರೂ ದಶಕಗಳ ಉಗುಳು, ತೇವ, ಧೂಳು ಕೂತು ಪೊರೆ ಹಾಳಾಗಿದ್ದರೆ ಕ್ಯಾಪ್ಸೂಲ್ ಬದಲಿಸುವ ಖರ್ಚಿನಲ್ಲಿ ಒಂದು ಒಳ್ಳೆಯ ಹೊಸ ಮೈಕೇ ಬಂದೀತು. ಯಾವ ಕಂಡೆನ್ಸರ್ ಕೊಂಡರೂ ತೇವದಿಂದ ದೂರವಿಡಿ. ಮಳೆಗಾಲದಲ್ಲಿ ಚಟಪಟ ಸದ್ದು ಬರತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ತೇವವನ್ನೇ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಸಾಕು.

ವರ್ಷಕ್ಕೊಂದೆರಡು ಹಾಡಿಗೆ ಮಾತ್ರ ಯು 87ರ ದನಿಯೇ ಬೇಕು ಎಂಬಂಥ ಸಂದರ್ಭ ಬಂದರೆ, ಅದು ಇರುವ ಸ್ಟುಡಿಯೋವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು. ಹೋಗುವಾಗ ಮನೆಯ ಮೈಕನ್ನೂ ಜೊತೆಗೆ ಒಯ್ದು, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಒಂದು ಟೇಕ್ ತೆಗೆದುಕೊಂಡು ಬನ್ನಿ.